ಸುಮ್ಮನೆ ಕೂರುವ ಉದ್ಯೋಗ

ಪಕ್ಕದ ಮನೆಯ ಬ್ರೂನೋ ಜಾತಿಯಲ್ಲಿ ಲ್ಯಾಬ್ರಡಾರ್, ಬಣ್ಣ ಮಾಸಲು ಹಳದಿ, ತೂಕ ಮಾತ್ರ ಕೇಳಬೇಡಿ. ಬೆಳಿಗ್ಗೆ ಪೇಪರಿನವನಿಗೆ ಒಂದು ಸಲ, ಹೂವಿನವಳಿಗೆ ಎರಡು ಸಲ ಬೊಗಳಿದರೆ ಅದರ ಆವತ್ತಿನ ಡ್ಯೂಟಿ ಮುಗಿಯಿತು. ಆಮೇಲೆ ಇಡ್ಲಿ, ಹತ್ತೂವರೆಗೆ ಬಿಸ್ಕತ್ತು, ಮಧ್ಯಾಹ್ನ ಮೊಸರನ್ನ, ಸಂಜೆ ಯಾರ ಕೈಯಲ್ಲಿ ಏನಿದೆಯೋ ಅದು. ನಡುವೆ ವ್ಯಾಯಾಮಕ್ಕೆಂದು ಒಂದು ಚಪ್ಪಲಿ ಕಚ್ಚಿಕೊಂಡು ಮನೆ ಸುತ್ತ ಓಟ, ಅದರ ಹಿಂದೆ "ಬಿಡೋ ಮುಂಡೇದೇ" ಅನ್ನುತ್ತ ಅಕ್ಕ.

ಅಕ್ಕ ಅಂದರೆ ಒಡಹುಟ್ಟಿದವರಲ್ಲ, ಕಾಂಪೌಂಡ್ ಗೋಡೆಯ ಆ ಕಡೆಯವರು. ತೀರ್ಥಹಳ್ಳಿ ಕಡೆಯಿಂದ ಮದುವೆಯಾಗಿ ಮೈಸೂರಿಗೆ ಬಂದು ಮೊಮ್ಮಕ್ಕಳನ್ನು ಕಂಡರೂ ಅವರ ಮಾತು ಇನ್ನೂ ಮಲೆನಾಡು ಬಿಟ್ಟಿಲ್ಲ. ನಾನು ಮಗಳ ಮನೆಯಿಂದ ವಾಪಸು ಬಂದ ಮೇಲೆ ಗೋಡೆಗೆ ಮೊಣಕೈ ಊರಿ ಅವರು ಕೇಳಿದ ಮೊದಲ ಪ್ರಶ್ನೆ ಲಂಡನ್ನಿನ ಬಗ್ಗೆಯೂ ಅಲ್ಲ, ಅರಮನೆಯ ಬಗ್ಗೆಯೂ ಅಲ್ಲ.

"ಅಲ್ಲಿ ನಾಯಿ ಎಲ್ಲ ಹೆಂಗಿರ್ತವೆ ಮಾರಾಯ್ತಿ?"

"ನಿಮ್ಮ ಬ್ರೂನೋನ ದಾಯಾದಿಗಳೇ ಬೇಲಿಯಾಚೆ ಇದ್ದರು ಅಕ್ಕ. ಆದರೆ ಅವು ಕೆಲಸಕ್ಕೆ ಹೋಗ್ತವೆ."

"ನಾಯಿ ಕೆಲಸಕ್ಕಾ?" ಅಂತ ಅಕ್ಕ ಬ್ರೂನೋ ಕಡೆ ನೋಡಿದರು. ಬ್ರೂನೋ ಒಂದು ಕಣ್ಣು ತೆರೆಯಿತು. ತಿಂಡಿಯ ವಿಷಯವಲ್ಲ ಅಂತ ಖಾತ್ರಿಯಾದ ಮೇಲೆ ಮತ್ತೆ ಮುಚ್ಚಿಕೊಂಡಿತು.

ನನ್ನ ಮಗಳು ಇರುವುದು ಇಂಗ್ಲೆಂಡಿನ ಪೂರ್ವಕ್ಕೆ, ನಾರ್ಫೋಕ್ ಸೀಮೆಯಲ್ಲಿ. ಕಿಂಗ್ಸ್ ಲಿನ್‌ನಲ್ಲಿ ಡಾಕ್ಟರು, ಮನೆ ಊರಾಚೆಯ ಹಳ್ಳಿಯಲ್ಲಿ. ನೆಲವೆಲ್ಲ ಚಪ್ಪಟೆ, ಕಣ್ಣು ಹಾಯಿಸಿದಷ್ಟೂ ಹೊಲ. ಹೊಲದಲ್ಲಿ ಸಕ್ಕರೆ ಗೆಡ್ಡೆ. ಅವರು ಸಕ್ಕರೆ ತೆಗೆಯುವುದು ಬಿಳಿ ಬೀಟ್‌ರೂಟಿನಿಂದ. ಮಂಡ್ಯದವರಿಗೆ ಹೇಳಿದರೆ ನಗುತ್ತಾರೆ. ಆರು ತಿಂಗಳ ವೀಸಾದಲ್ಲಿ ನಾನು ಹೋಗಿ ಇಳಿದದ್ದು ಅಕ್ಟೋಬರಿನಲ್ಲಿ. ಬೇಲಿಯಾಚೆ ಎಪ್ಪತ್ತು ದಾಟಿದ ಒಬ್ಬರು, ಅವರ ಹೆಂಡತಿ, ಮೂರು ನಾಯಿ. "ಹೆಸರು ಹಿಡಿದೇ ಕರೀರಿ" ಅಂದರು. ನನ್ನ ನಾಲಿಗೆ ಹೊರಳಲಿಲ್ಲ. ಇವತ್ತಿಗೂ ನನ್ನ ಬಾಯಲ್ಲಿ ಅವರು ಯಜಮಾನ್ರೇ.

ಮೂರರಲ್ಲಿ ಟೆಸ್ ಅನ್ನುವುದು ಕರಿಯ ಹೆಣ್ಣು ಲ್ಯಾಬ್ರಡಾರ್, ಅನುಭವಸ್ಥೆ. ಮಿಲ್ಲಿ ಹಳದಿ, ಇನ್ನೂ ವರ್ಷ ತುಂಬಿದ್ದಷ್ಟೇ, ಟ್ರೈನಿಂಗಿನಲ್ಲಿದ್ದಾಳೆ. ಮೂರನೆಯದು ಫ್ಲಿಂಟ್, ಸ್ಪ್ರಿಂಗರ್ ಸ್ಪ್ಯಾನಿಯಲ್, ಮನೆಯಾಕೆಯದು. ಅದು ನಿಂತದ್ದನ್ನು ನಾನು ನೋಡಿಲ್ಲ. ನಿಂತರೂ ಬಾಲ ನಿಂತಿರುವುದಿಲ್ಲ.

ಈ ಮೂರೂ ಕೋವಿ ನಾಯಿಗಳು. ಅಕ್ಕನಿಗೆ ಕೋವಿ ಅಂದ ಕೂಡಲೆ ಅಜ್ಜನ ಮನೆ ನೆನಪಾಯಿತು. ಹಂದಿಯ ಮೇಲೆ ಬಿದ್ದು ಹೊಟ್ಟೆ ಸೀಳಿಸಿಕೊಂಡು ಬಂದ ಕಂತ್ರಿ ನಾಯಿಗೆ ಸೂಜಿದಾರದಲ್ಲಿ ಹೊಲಿಗೆ ಹಾಕಿದ ಕಥೆ ಹೇಳಿದರು. "ಹಂಗಾ ಇವು? ಇಲ್ಲಾ ನಮ್ಮ ತೇಜಸ್ವಿಯವರ ಪುಸ್ತಕದ ನಾಯಿ ಕಿವಿ ಹಂಗಾ?"

"ಹಂದಿ ನಾಯಿಯಂತೂ ಅಲ್ಲ. ಇವು ಯಾರ ಮೇಲೂ ಬೀಳಲ್ಲ, ಯಾರನ್ನೂ ಕಚ್ಚಲ್ಲ. ಬೇರೆಯವರು ಹೊಡೆದು ಬೀಳಿಸಿದ್ದನ್ನ ಎತ್ತಿಕೊಂಡು ಬರ್ತವೆ, ಅಷ್ಟೇ."

"ಅಷ್ಟೇನಾ?"

ನಾನೂ ಮೊದಮೊದಲು ಹಾಗೇ ಕೇಳಿದ್ದು.

ಅಲ್ಲಿಯ ಶಿಕಾರಿಯ ಏರ್ಪಾಡು ಇಷ್ಟು: ಫೆಸೆಂಟ್ ಅಂತ ಒಂದು ಹಕ್ಕಿ, ನಮ್ಮ ನವಿಲು, ಕಾಡುಕೋಳಿಗಳ ಕುಲದ್ದೇ. ಗಂಡಿಗೆ ತಾಮ್ರದ ಮೈ, ಉದ್ದ ಬಾಲ, ಕೊರಳಿಗೆ ಬಿಳಿ ಪಟ್ಟಿ. ಅಕ್ಟೋಬರ್ 1ರಿಂದ ಫೆಬ್ರವರಿ 1ರವರೆಗೆ ಅದನ್ನು ಹೊಡೆಯಬಹುದು. ಭಾನುವಾರ, ಕ್ರಿಸ್‌ಮಸ್ ದಿನ ಹೊಡೆದರೆ ಕಾನೂನು ಹಿಡಿಯುತ್ತದೆ. ಕಾಸು ಕೊಟ್ಟು ಬಂದ ಕೋವಿಯವರು ಹೊಲದ ಅಂಚಿನಲ್ಲಿ ನಂಬರು ಹಾಕಿದ ಗೂಟಗಳ ಹತ್ತಿರ ಸಾಲಾಗಿ ನಿಲ್ಲುತ್ತಾರೆ. ಇನ್ನೊಂದು ತುದಿಯಿಂದ ಹಳ್ಳಿಯ ಜನ ಕೋಲು ಬಡಿಯುತ್ತ, ಹಳೇ ಗೊಬ್ಬರದ ಚೀಲ ಕಟ್ಟಿದ ಬಾವುಟ ಬೀಸುತ್ತ ಹಕ್ಕಿಗಳನ್ನು ಎಬ್ಬಿಸಿ ಆ ಕಡೆಗೆ ಅಟ್ಟುತ್ತಾರೆ.

"ಹಳು ಸೋವೋದು ಅನ್ನು. ಇವರು ಹಳುವಿನವರು, ಆಚೆಯವರು ಬಿಲ್ಲಿನವರು" ಅಂದರು ಅಕ್ಕ. ಐವತ್ತು ವರ್ಷದ ಹಿಂದಿನ ಮಾತು ಹೇಗೆ ಬಂತು ನೋಡಿ, ಒಂದಿಷ್ಟೂ ತುಕ್ಕು ಹಿಡಿಯದೆ.

ಈ ಎರಡು ಗುಂಪಿನ ಜೊತೆಗೆ ಮೂರನೆಯ ಗುಂಪೊಂದಿದೆ. ಕೋವಿಯವರಿಗಿಂತ ಎಷ್ಟೋ ಹಿಂದೆ, ಗದ್ದಲದಿಂದ ದೂರ, ನಾಯಿ ಹಿಡಿದು ನಿಲ್ಲುವವರು. ಯಜಮಾನರು ಆ ಪೈಕಿ. ಸಿಗುವುದು ಸಣ್ಣ ದಿನಗೂಲಿ, ಒಂದು ಊಟ, ಕೊನೆಗೆ ಒಂದು ಜೋಡಿ ಹಕ್ಕಿ. ಕೋವಿಯವರು ಅದೇ ದಿನಕ್ಕೆ ಕೊಟ್ಟ ಹಣ ಕೇಳಿದರೆ ನಮ್ಮ ಕಡೆ ಒಂದು ಮದುವೆ ಆಗುತ್ತದೆ.

ಆ ಸೀಮೆಗೆ ಇದರ ಹುಚ್ಚು ಹಳೆಯದು. ಹತ್ತಿರದಲ್ಲೇ ಸ್ಯಾಂಡ್ರಿಂಗ್‌ಹ್ಯಾಮ್, ರಾಜಮನೆತನದವರ ಎಸ್ಟೇಟು. ಏಳನೆಯ ಎಡ್ವರ್ಡ್ ಯುವರಾಜನಾಗಿದ್ದಾಗಲೇ ಅಲ್ಲಿಯ ಗಡಿಯಾರಗಳನ್ನೆಲ್ಲ ಅರ್ಧ ಗಂಟೆ ಮುಂದಿಡಿಸಿದ್ದ. ಚಳಿಗಾಲದ ಬೆಳಕು ಶಿಕಾರಿಗೆ ಸಾಲುವುದಿಲ್ಲ ಅಂತ! ಇಡೀ ದೇಶದಲ್ಲಿ ಹತ್ತು ಗಂಟೆಯಾದರೆ ಆ ಎಸ್ಟೇಟಿನಲ್ಲಿ ಹತ್ತೂವರೆ. 1936ರಲ್ಲಿ ಎಂಟನೆಯ ಎಡ್ವರ್ಡ್ ಬಂದು ಅದನ್ನು ನಿಲ್ಲಿಸಿದ. ಅದೇ ನಾರ್ಫೋಕಿನ ಉತ್ತರದಲ್ಲಿ ಹೋಲ್ಕಮ್ ಅಂತ ಇನ್ನೊಂದು ಎಸ್ಟೇಟಿದೆ. ಅಲ್ಲಿ ಹಕ್ಕಿ ಕಾಯುವ ಕಾವಲುಗಾರರ ತಲೆಗೆ ತಗ್ಗು ಕೊಂಬೆ ಬಡಿಯದಿರಲಿ ಅಂತ 1849ರಲ್ಲಿ ಲಂಡನ್ನಿನ ಅಂಗಡಿಯೊಂದರಲ್ಲಿ ಮಾಡಿಸಿದ ಗಟ್ಟಿ ಟೋಪಿಯೇ ಮುಂದೆ ಚಾರ್ಲಿ ಚಾಪ್ಲಿನ್ ತಲೆ ಏರಿದ್ದು. ಈ ಎರಡು ಸಂಗತಿಗೂ ನಾಯಿಗೂ ಸಂಬಂಧವಿಲ್ಲ. ಆದರೆ ಗೋಡೆ ಮೇಲಿನ ಮಾತಿಗೆ ಎಲ್ಲಿಯ ಗಡಿ?

ಟ್ರೈನಿಂಗಿಗೆ ಬರುತ್ತೇನೆ, ಅದನ್ನೇ ಹೇಳಬೇಕೆಂದಿದ್ದದ್ದು.

ಬೇಲಿಯಾಚೆ ಹುಲ್ಲುಗಾವಲು. ಅಡುಗೆಮನೆಯ ಕಿಟಕಿಯಲ್ಲಿ ನಿಂತರೆ ಎಲ್ಲ ಕಾಣುತ್ತದೆ. ಯಜಮಾನರು ಮಿಲ್ಲಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಹಸಿರು ಕ್ಯಾನ್ವಾಸ್ ಉರುಳೆ ಎಸೆದರು. ಡಮ್ಮಿ ಅನ್ನುತ್ತಾರೆ, ಅರ್ಧ ಕೆಜಿ ಹತ್ತಿರ ತೂಗುತ್ತದೆ. ಎಸೆದು ಸುಮ್ಮನೆ ನಿಂತರು. ನಾಯಿ ಕೂತಿತ್ತು. ಆಮೇಲೆ ಯಜಮಾನರೇ ನಡೆದುಕೊಂಡು ಹೋಗಿ, ಬಗ್ಗಿ, ಅದನ್ನು ಎತ್ತಿಕೊಂಡು ವಾಪಸು ಬಂದರು. ಮತ್ತೆ ಎಸೆದರು, ಮತ್ತೆ ತಾವೇ ಹೋದರು. ಮಿಲ್ಲಿ ಕೂತಲ್ಲೇ ಕೂತು ಅವರು ಹೋಗುವುದನ್ನೂ ಬರುವುದನ್ನೂ ಕತ್ತು ತಿರುಗಿಸಿ ನೋಡುತ್ತಿತ್ತು. ನಾನು ಮಗಳನ್ನು ಕರೆದು ತೋರಿಸಿದೆ. "ಪಾಪ, ವಯಸ್ಸಾಯ್ತು. ಯಾರು ಯಾರಿಗೆ ಕಲಿಸ್ತಿದ್ದಾರೆ ನೋಡು."

ಆಮೇಲೆ ಬೇಲಿ ಹತ್ತಿರ ಕೇಳಿದೆ. ಯಜಮಾನರಿಗೆ ನಾಯಿ ವಿಷಯ ಕೇಳಿದರೆ ಸಾಕು, ಕೈಯಲ್ಲಿನ ಟೀ ತಣ್ಣಗಾದರೂ ಪರವಾಗಿಲ್ಲ. ಬಿದ್ದದ್ದೆಲ್ಲ ತನ್ನದೇ ಅಂತ ನಾಯಿಗೆ ಅನಿಸಿಬಿಟ್ಟರೆ ಕಥೆ ಮುಗಿಯಿತಂತೆ. ಹಕ್ಕಿ ಬೀಳುವುದು ಕಂಡ ಕೂಡಲೆ ಹೇಳದೆ ಕೇಳದೆ ಓಡುತ್ತದೆ, ಹಾರುತ್ತಿರುವ ಬೇರೆ ಹಕ್ಕಿಗಳನ್ನು ಚೆದುರಿಸುತ್ತದೆ, ಕೋವಿಯ ಮುಂದೆ ನುಗ್ಗುತ್ತದೆ. ಅದಕ್ಕೇ ಎಸೆದದ್ದರಲ್ಲಿ ಅರ್ಧದಷ್ಟಾದರೂ ಯಜಮಾನರೇ ಹೋಗಿ ತರುತ್ತಾರೆ. ನಾಯಿಯ ಪಾಲಿಗೆ ಬರುವುದು ಕೆಲವೇ. ಅದೂ ಯಾವುದು ಅಂತ ಮುಂಚೆ ಗೊತ್ತಿರಬಾರದು.

"ಓಡೋದನ್ನ, ಮೂಸೋದನ್ನ, ತರೋದನ್ನ ನಾನು ಕಲಿಸಲ್ಲ" ಅಂದರು. "ಅದು ಅದರ ತಾಯಿ ಹೊಟ್ಟೆಯಿಂದಲೇ ತಂದಿರುತ್ತೆ. ಹೋಗದೆ ಇರೋದನ್ನ ಕಲಿಸ್ತೀನಿ. ಅದಕ್ಕೇ ಎರಡು ವರ್ಷ ಬೇಕು."

ಇದನ್ನು ಕೇಳಿದಾಗಿನಿಂದ ನನಗೆ ಆ ಹುಲ್ಲುಗಾವಲೇ ಬೇರೆಯಾಗಿ ಕಂಡಿತು. ನಾಯಿಗೆ ವಿದ್ಯೆ ಅಂದರೆ ಬೆಂಕಿಯ ಬಳೆಯೊಳಗೆ ಹಾರುವುದು, ಕಳ್ಳನ ತೋಳು ಹಿಡಿಯುವುದು ಅಂತಲೇ ನನ್ನ ತಲೆಯಲ್ಲಿದ್ದದ್ದು. ಇಲ್ಲಿ ಮೈಯೆಲ್ಲ ಓಡು ಓಡು ಅನ್ನುವ ಒಂದು ಪ್ರಾಣಿ, ಕಣ್ಣೆದುರೇ ತನಗೆ ಅತ್ಯಂತ ಪ್ರಿಯವಾದದ್ದು ಬಿದ್ದಿದ್ದರೂ ನಡುಗುತ್ತ ಕೂತಿದೆ. ಹೊಡೆದು ಕೂರಿಸಿದ್ದಲ್ಲ. ಹೊಡೆದರೆ ನಾಯಿ ಇವರನ್ನು ನೋಡುತ್ತ ಕೂರುತ್ತದೆ. ಇವರಿಗೆ ಬೇಕಾದದ್ದು ಹಕ್ಕಿ ಎಲ್ಲಿ ಬಿತ್ತು ಅಂತ ನೋಡುವ ನಾಯಿ. ಬಿದ್ದ ಜಾಗ ನೆನಪಿಟ್ಟುಕೊಂಡು, ಹತ್ತು ನಿಮಿಷದ ಮೇಲೆ ಕಳಿಸಿದರೂ ನೇರ ಅಲ್ಲಿಗೇ ಹೋಗುವ ನಾಯಿ.

ಕಳಿಸುವುದಕ್ಕೂ ಒಂದು ಮರ್ಯಾದೆಯಿದೆ. ಬೇಟೆ ದಿನ ಪಕ್ಕಪಕ್ಕದಲ್ಲಿ ನಾಲ್ಕಾರು ಲ್ಯಾಬ್ರಡಾರ್ ಕೂತಿರುತ್ತವೆ. "ಹೋಗು" ಅಂದರೆ ಎಲ್ಲವೂ ಎದ್ದಾವು. ಹಾಗಾಗಿ ಹೆಸರೇ ಅಪ್ಪಣೆ. "ಟೆಸ್" ಅಂದರೆ ಟೆಸ್ ಮಾತ್ರ ಹೊರಡುತ್ತದೆ, ಪಕ್ಕದ್ದು ಅಲುಗುವುದಿಲ್ಲ.

"ನಮ್ಮ ಮನೇಲಿ ಒಬ್ಬರ ಹೆಸರು ಕೂಗಿದ್ರೆ ಒಬ್ಬರೂ ಬರಲ್ಲ" ಅಂದರು ಅಕ್ಕ.

ಕೊರಳಲ್ಲಿ ದಾರಕ್ಕೆ ಕಟ್ಟಿದ ಸೀಟಿ ಸದಾ ಇರುತ್ತದೆ. ಬರ್ಮಿಂಗ್‌ಹ್ಯಾಮಿನ ಆಕ್ಮಿ ಕಂಪನಿಯದು, ಪ್ಲಾಸ್ಟಿಕ್ಕಿನ ಸಣ್ಣ ಪೀಪಿ, ಮೈಮೇಲೆ 210½ ಅಂತ ನಂಬರು. ಆ ನಂಬರಿನ ಎಲ್ಲ ಸೀಟಿಗೂ ಒಂದೇ ಸ್ವರ. ಹೊಲದಲ್ಲಿ ಕಳೆದುಹೋದರೆ ಹೊಸದು ಕೊಂಡರಾಯಿತು, ನಾಯಿಗೆ ವ್ಯತ್ಯಾಸವೇ ತಿಳಿಯದು. ಉದ್ದಕ್ಕೆ ಒಂದು ಸಲ ಊದಿದರೆ ಎಲ್ಲಿದ್ದರೂ ಅಲ್ಲೇ ಕೂತು ಇವರ ಮುಖ ನೋಡಬೇಕು. ಚಿಕ್ಕಚಿಕ್ಕದಾಗಿ ಪೀಪೀಪೀ ಅಂದರೆ ವಾಪಸು ಬರಬೇಕು. ಒಂದು ಸೀಟಿಗೆ ನಿಲ್ಲುವುದು ನಮ್ಮ ಕೆಂಪು ಬಸ್ಸಿನ ಕಂಡಕ್ಟರ್ ಪದ್ಧತಿಯೇ, ಆದರೆ ನಮ್ಮ ಡ್ರೈವರುಗಳಿಗಿಂತ ಟೆಸ್ ಬೇಗ ನಿಲ್ಲುತ್ತಿತ್ತು. ಇನ್ನೂರು ಗಜ ಆಚೆ ಗೆಡ್ಡೆಯ ಹೊಲದಲ್ಲಿ ಕರಿಯ ಚುಕ್ಕೆ ಓಡುತ್ತಿರುತ್ತದೆ. ಒಂದು ಸೀಟಿ. ಚುಕ್ಕೆ ತಿರುಗಿ ಕೂರುತ್ತದೆ. ಯಜಮಾನರು ಬಲಗೈ ಚಾಚಿದರೆ ಬಲಕ್ಕೆ, ಎಡಗೈ ಚಾಚಿದರೆ ಎಡಕ್ಕೆ, ಕೈ ನೇರ ಮೇಲೆತ್ತಿ ತಳ್ಳಿದರೆ ಇನ್ನೂ ಹಿಂದಕ್ಕೆ. ಹಕ್ಕಿ ಬಿದ್ದದ್ದನ್ನು ನಾಯಿ ಕಂಡಿಲ್ಲ, ಮನುಷ್ಯ ಕಂಡಿದ್ದಾನೆ. ಆ ಜಾಗದ ಹತ್ತಿರ ತಂದುಬಿಟ್ಟ ಮೇಲೆ ಅಧಿಕಾರ ಬದಲಾಗುತ್ತದೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ವಾಸನೆ ಎಲ್ಲಿಂದ ಬಂತು ಅನ್ನುವುದು ಮೂಗಿಗೆ ಬಿಟ್ಟ ವಿಷಯ. ಅಲ್ಲಿ ಸೀಟಿ ಊದಿ ತಲೆಹಾಕುವವನು ದಡ್ಡ ಅಂತ ಯಜಮಾನರ ಅಭಿಪ್ರಾಯ. ಸೀಟಿ ಜಾಸ್ತಿ ಊದುವವರನ್ನು ಕಂಡರೆ ಅವರಿಗೆ ಆಗದು. ಪಕ್ಕದ ಹಳ್ಳಿಯ ಒಬ್ಬರ ಬಗ್ಗೆ ಒಂದಿಡೀ ಸಂಜೆ ದೂರಿದರು.

"ಪಟಾಕಿಗೆ ಹೆದರಲ್ವಾ?" ಅಂತ ಅಕ್ಕ. ದೀಪಾವಳಿ ಬಂದರೆ ಬ್ರೂನೋ ಮಂಚದ ಕೆಳಗಿನಿಂದ ಹೊರಬರುವುದು ತುಳಸಿ ಮದುವೆ ಕಳೆದ ಮೇಲೆ.

ಅದನ್ನೂ ಕೇಳಿದ್ದೆ. ಮರಿಯನ್ನು ಎತ್ತಿಕೊಂಡು ಹೋಗಿ ಕಿವಿಯ ಹತ್ತಿರ ಈಡು ಹೊಡೆಯುವವನಿಗಿಂತ ಪಾಪಿ ಇಲ್ಲ. ಒಮ್ಮೆ ಹೆದರಿತೋ, ಬಹುಪಾಲು ಅದು ಜನ್ಮಕ್ಕೆ ಅಂಟಿತು. ಮರಿ ಖುಷಿಯಾಗಿ ಆಡುತ್ತಿರುವಾಗ ಎಲ್ಲೋ ಬಹು ದೂರದಲ್ಲಿ ಒಂದು ಸಣ್ಣ ಸದ್ದು. ಮರಿ ತಲೆ ಎತ್ತಿ ಮತ್ತೆ ಆಟಕ್ಕಿಳಿದರೆ ಸರಿ, ಇನ್ನೊಂದು ದಿನ ಇನ್ನೊಂದಿಷ್ಟು ಹತ್ತಿರ. ಕೊನೆಗೆ ಸದ್ದು ಅಂದರೆ ಕೂತು ಆಕಾಶ ನೋಡುವ ಸಮಯ ಅಂತಾಗುತ್ತದೆ. ಆರೇಳು ತಿಂಗಳವರೆಗೆ ಮರಿಗೆ ಹೆಸರು, ಬಾ, ಕೂರು ಇಷ್ಟೇ ಪಾಠ. ಎಲುಬು ಬಲಿಯುವ ಮೊದಲು ಉದ್ದದ ಓಟವಿಲ್ಲ, ಬೇಲಿ ಹಾರಿಸುವುದಿಲ್ಲ. ನಿಜವಾದ ಬೇಟೆಗೆ ಕಾಲಿಡುವುದು ಒಂದೂವರೆ ವರ್ಷಕ್ಕೆ, ಅದೂ ಆ ಮೊದಲ ಚಳಿಗಾಲವೆಲ್ಲ ಹೆಚ್ಚಾಗಿ ನೋಡುವುದಕ್ಕೆ.

ಬಾಯಿಯ ವಿಷಯಕ್ಕೆ ಬಂದರೆ ಅಕ್ಕನಿಗೆ ನಂಬಿಕೆಯೇ ಬರಲಿಲ್ಲ. ಹಕ್ಕಿಯ ಮೈಮೇಲೆ ಹಲ್ಲಿನ ಗುರುತು ಬೀಳಬಾರದು. ತಂದ ಹಕ್ಕಿಯ ಪಕ್ಕೆಯನ್ನು ಬೆರಳಲ್ಲಿ ಒತ್ತಿ ನೋಡುತ್ತಾರೆ. ಪಕ್ಕೆಲುಬು ಪುಡಿಯಾಗಿದ್ದರೆ ಆ ನಾಯಿಯನ್ನು 'ಗಟ್ಟಿ ಬಾಯಿ'ಯದು ಅನ್ನುತ್ತಾರೆ, ಪಂದ್ಯಗಳಲ್ಲಿ ಅಲ್ಲಿಗೇ ಔಟ್. ಹೌದು, ಪಂದ್ಯಗಳಿವೆ. 1865ರಲ್ಲಿ ಬೆಡ್‌ಫರ್ಡ್‌ಶೈರಿನ ಸೌತಿಲ್‌ನಲ್ಲಿ ಮೊದಲನೆಯದು ನಡೆದದ್ದು. ಅಪ್ಪಣೆಯಿಲ್ಲದೆ ಓಡಿದರೆ ಔಟ್. ಕಾಯುವಾಗ ಕುಂಯ್ ಅಂದರೂ ಔಟ್.

"ಬೊಗಳೋದು ಬೇಡ, ಕುಂಯ್ ಅಂದ್ರೂನಾ?" ಅಕ್ಕ ಬ್ರೂನೋನ ಭವಿಷ್ಯ ಅಲ್ಲಿಗೆ ಮುಗಿಯಿತು ಅನ್ನುವ ಮುಖ ಮಾಡಿದರು.

ಮೆತ್ತನೆಯ ಬಾಯಿ ಕೂಡ ಹುಟ್ಟಿನಿಂದಲೇ ಬರುವುದಂತೆ, ಅದನ್ನು ಕೆಡಿಸದೆ ಇರುವುದಷ್ಟೇ ನಮ್ಮ ಕೈಯಲ್ಲಿರುವುದು. ಮರಿಯ ಬಾಯಿಂದ ಬಟ್ಟೆ ಎಳೆದಾಡುವ ಆಟ ಆಡಬಾರದು. ಏನನ್ನಾದರೂ ಕಚ್ಚಿಕೊಂಡು ಓಡಿದರೆ ಹಿಂದೆ ಓಡಬಾರದು. ಓಡಿದರೆ ಅದಕ್ಕೆ ಆಟ. ನಾವು ಬೆನ್ನು ತಿರುಗಿಸಿ ಇನ್ನೊಂದು ಕಡೆಗೆ ಹೊರಟರೆ ಅದೇ ಹಿಂದೆ ಬರುತ್ತದೆ. ಬಂದಾಗ ತಕ್ಷಣ ಬಾಯಿಗೆ ಕೈ ಹಾಕದೆ, ಮೊದಲು ಕತ್ತು ಸವರಿ ಭಲೆ ಅಂದು, ಆಮೇಲೆ ಮೆಲ್ಲಗೆ ತೆಗೆದುಕೊಳ್ಳಬೇಕು. ಚಪ್ಪಲಿಯಾದರೂ ಅಷ್ಟೇ. ಅಕ್ಕ ಇದನ್ನು ಗಮನವಿಟ್ಟು ಕೇಳಿದರು. ಮಾರನೆಯ ಬೆಳಿಗ್ಗೆ ಅವರು ಹಿತ್ತಿಲ ಕಡೆ ದುಡುದುಡು ಓಡುವುದೂ, ಚಪ್ಪಲಿ ಕಚ್ಚಿದ ಬ್ರೂನೋ ಗೊಂದಲದಿಂದ ಹಿಂದೆ ಓಡುವುದೂ ನನ್ನ ಕಿಟಕಿಗೆ ಕಂಡಿತು.

ಫ್ಲಿಂಟ್‌ನ ಕೆಲಸ ಬೇರೆ. ಸ್ಪ್ಯಾನಿಯಲ್‌ಗಳು ಮುಳ್ಳುಪೊದೆಯೊಳಗೆ ನುಗ್ಗಿ, ಕೋವಿಯ ಎಟುಕು ಮೀರದೆ ಎಡಕ್ಕೂ ಬಲಕ್ಕೂ ಓಡಾಡಿ ಹಕ್ಕಿ ಎಬ್ಬಿಸುತ್ತವೆ. ಹಕ್ಕಿ ಮುಖದ ಮುಂದೆಯೇ ಭರ್ರೆಂದು ಎದ್ದ ಕ್ಷಣ ಕುಕ್ಕರಿಸಿ ಕೂತು, ಅದು ಹಾರಿಹೋಗುವುದನ್ನು ನೋಡಬೇಕು. ಅಷ್ಟು ಹೊತ್ತು ಬೆವರು ಸುರಿಸಿ ಹುಡುಕಿದ್ದು ತಾನು! ಪಾಯಿಂಟರ್ ಜಾತಿಯದಕ್ಕಂತೂ ಎಬ್ಬಿಸುವ ಭಾಗ್ಯವೂ ಅಪ್ಪಣೆಯ ಮೇಲೆಯೇ. ವಾಸನೆ ಸಿಕ್ಕಲ್ಲಿ ಒಂದು ಕಾಲು ಎತ್ತಿ ಕಲ್ಲಾಗಿ ನಿಲ್ಲುವುದು, ಯಜಮಾನ ಬರುವವರೆಗೂ.

"ಅಷ್ಟೆಲ್ಲ ಕಲಿತ ನಾಯಿಗೆ ಊಟ ಎಂಥ ಹಾಕ್ತಾರೆ?" ಅಕ್ಕನ ಅಸಲು ಪ್ರಶ್ನೆ ಇದು.

ಒಣ ಕಾಳು, ಅಳತೆ ಲೋಟದಲ್ಲಿ ಅಳೆದು. ಬೇಟೆಯ ದಿನ ಸ್ವಲ್ಪ ಜಾಸ್ತಿ. ಟೆಸ್‌ಗೂ ಬ್ರೂನೋನ ಹಸಿವೇ. ತಟ್ಟೆ ಮುಗಿದ ಮೇಲೆ ತಟ್ಟೆಯನ್ನೇ ತಳ್ಳಿಕೊಂಡು ಅಂಗಳ ಸುತ್ತುತ್ತದೆ. ಇದಕ್ಕೆ ಕೇಂಬ್ರಿಜ್‌ನವರು 2016ರಲ್ಲಿ ಕಾರಣ ಹುಡುಕಿದ್ದಾರೆ. ಹೊಟ್ಟೆ ತುಂಬಿತು ಅಂತ ಮಿದುಳಿಗೆ ತಿಳಿಸುವ ವ್ಯವಸ್ಥೆಯ ಒಂದು ವಂಶವಾಹಿಯಲ್ಲಿ ಲ್ಯಾಬ್ರಡಾರ್‌ಗಳ ಪೈಕಿ ಸುಮಾರು ಕಾಲು ಭಾಗಕ್ಕೆ ಒಂದು ತುಣುಕೇ ಇಲ್ಲ. ಅಂಥವು ಸುಮ್ಮನಿದ್ದಾಗ ಮೈ ಸುಡುವ ಶಕ್ತಿಯೂ ಸುಮಾರು ಕಾಲು ಪಾಲಿನಷ್ಟು ಕಮ್ಮಿ ಅಂತ ಅದೇ ಗುಂಪು 2024ರಲ್ಲಿ ಹೇಳಿತು. ಕುರುಡರಿಗೆ, ಅಂಗವಿಕಲರಿಗೆ ನೆರವಾಗುವ ನಾಯಿಗಳಲ್ಲಿ ಈ ಕೊರತೆ ಇನ್ನೂ ಎಷ್ಟೋ ಹೆಚ್ಚು. ತಿಂಡಿಯಾಸೆಯಿರುವ ನಾಯಿಗೆ ಕಲಿಸುವುದು ಸಲೀಸಲ್ಲವೆ!

"ಹಂಗಾದ್ರೆ ಇದು ಹೊಟ್ಟೆಬಾಕ ಅಲ್ಲ, ಕಾಯಿಲೆ" ಅಂತ ಅಕ್ಕ ತೀರ್ಪಿತ್ತು ಒಳಗಿನಿಂದ ಎರಡು ಬಿಸ್ಕತ್ತು ತಂದರು. ವಿಜ್ಞಾನ ನಮ್ಮ ಓಣಿಗೆ ತಲುಪಿದ ರೀತಿ ಇದು.

ಕೆಲಸದ ಲ್ಯಾಬ್ರಡಾರನ್ನು ಕಂಡರೆ ಅಕ್ಕನಿಗೆ ಗುರುತೇ ಸಿಗುತ್ತಿರಲಿಲ್ಲ. ಸಣಕಲು, ಉದ್ದ ಕಾಲು, ಚೂಪು ಮೂತಿ. ಮೂಲದಲ್ಲಿ ಇವು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ತೀರದ ಬೆಸ್ತರ ನಾಯಿಗಳು, ತಣ್ಣೀರಿಗೆ ಹಾರಿ ಬಲೆ, ಮೀನು ಎಳೆದು ತರುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹಡಗುಗಳಲ್ಲಿ ಇಂಗ್ಲೆಂಡಿಗೆ ಬಂದವನ್ನು ಮಾಮ್ಸ್‌ಬರಿ, ಬಕ್ಲೂ ಮನೆತನದ ಜಮೀನ್ದಾರರು ಸಾಕಿ ಬೆಳೆಸಿದರು. ಕೆನಲ್ ಕ್ಲಬ್ ಇವನ್ನು ಒಂದು ಜಾತಿ ಅಂತ ಒಪ್ಪಿದ್ದು 1903ರಲ್ಲಿ.

ಬೇಟೆಯ ದಿನವನ್ನೂ ನೋಡಿದೆ. ಯಜಮಾನರ ಹೆಂಡತಿ ತಮ್ಮ ರಬ್ಬರ್ ಬೂಟು ಕೊಟ್ಟು ಕರೆದುಕೊಂಡು ಹೋದರು. ಹೋಗಲೋ ಬೇಡವೋ ಅಂತ ಇತ್ತು. ಮನೆಯಲ್ಲಿ ಮೊಟ್ಟೆಯನ್ನೂ ಒಡೆಯದವಳು ನಾನು. ಆದರೆ ಮಿಲ್ಲಿ ಅಷ್ಟು ದಿನ ಕ್ಯಾನ್ವಾಸ್ ಉರುಳೆಗೆ ಕೂತದ್ದನ್ನು ಕಂಡ ಮೇಲೆ, ಟೆಸ್ ನಿಜವಾದದ್ದಕ್ಕೆ ಹೇಗೆ ಕೂರುತ್ತದೆ ಅನ್ನುವ ಕುತೂಹಲ ಗೆದ್ದಿತು.

ಕೂತಿತು. ಕೋವಿ ಸಾಲಾಗಿ ಸಿಡಿಯುತ್ತಿದ್ದವು, ಹಕ್ಕಿಗಳು ಸುತ್ತ ಧೊಪ್ ಧೊಪ್ ಬೀಳುತ್ತಿದ್ದವು, ಒಂದಂತೂ ಟೆಸ್‌ನ ಮೂತಿಯಿಂದ ಎರಡು ಮಾರು ದೂರದಲ್ಲಿ. ಕಿವಿ ಅಲುಗಿತು, ಅಷ್ಟೇ. ಕೊಂಬು ಊದಿ ಆ ಸುತ್ತು ಮುಗಿದ ಮೇಲೆ ಯಜಮಾನರು ಮೊದಲು ಕಳಿಸಿದ್ದು ಎದುರಿಗೆ ಬಿದ್ದದ್ದಕ್ಕಲ್ಲ. ಸತ್ತದ್ದು ಎಲ್ಲಿಗೂ ಹೋಗುವುದಿಲ್ಲ. ರೆಕ್ಕೆ ಮುರಿದು ಇಳಿದು, ಓಡಿ ಮರೆಯಾದ ಒಂದನ್ನು ಅವರು ಗುರುತು ಇಟ್ಟುಕೊಂಡಿದ್ದರು. ಟೆಸ್ ಆ ಜಾಗಕ್ಕೆ ಹೋಗಿ, ಒಂದು ಸುತ್ತು ಹಾಕಿ, ಮೂಗು ನೆಲಕ್ಕಿಟ್ಟು ಗೆಡ್ಡೆಯ ಹೊಲದ ಉದ್ದಕ್ಕೂ, ಬೇಲಿ ನುಸುಳಿ, ಕಣ್ಣಿಗೆ ಕಾಣದಷ್ಟು ದೂರ ಹೋಯಿತು. ನ್ಯಾಯವಾಗಿ ಕರೆಯಬೇಕು ಅಂತ ನನಗೆ ಅನ್ನಿಸಿತು. ಯಜಮಾನರು ಸೀಟಿ ಮುಟ್ಟಲಿಲ್ಲ. ಬಹಳ ಹೊತ್ತಿನ ಮೇಲೆ ಬಂತು, ಬಾಯಲ್ಲಿ ಹಕ್ಕಿ, ತಲೆ ಎತ್ತಿಕೊಂಡೇ ಇದ್ದ ಜೀವಂತ ಹಕ್ಕಿ. ಯಜಮಾನರ ಕೈಗೆ ಕೊಟ್ಟು ಕೂತಿತು. ಆಮೇಲಿನದಕ್ಕೆ ನಾನು ಮುಖ ತಿರುಗಿಸಿದೆ. ಒಂದೇ ಕ್ಷಣದ ಕೆಲಸವಂತೆ.

ಈ ಶಿಕಾರಿಯ ಬಗ್ಗೆ ನನ್ನ ಮನಸ್ಸು ಬದಲಾಗಲಿಲ್ಲ. ಕೋಟಿಗಟ್ಟಲೆ ಹಕ್ಕಿಗಳನ್ನು ಹೊಡೆಯುವುದಕ್ಕೆಂದೇ ಸಾಕಿ ಕಾಡಿಗೆ ಬಿಡುವುದು, ಆಮೇಲೆ ಅದನ್ನು ಬೇಟೆ ಅನ್ನುವುದು ನನಗೆ ಹಿಡಿಸದು. ಬೇಲಿ ಹತ್ತಿರ ಅದನ್ನು ಹೇಳಿಯೂ ಹೇಳಿದೆ. ಯಜಮಾನರು ವಾದ ಮಾಡಲಿಲ್ಲ. ತಮ್ಮ ಕೋವಿ ಎಷ್ಟೋ ವರ್ಷದಿಂದ ಬೀಗ ಹಾಕಿದ ಕಬ್ಬಿಣದ ಪೆಟ್ಟಿಗೆಯಲ್ಲೇ ಇದೆ, ಈಗ ಹೊಡೆಯುವ ಆಸೆ ಇಲ್ಲ ಅಂದರು. "ಆದರೆ ಹೊಡೆಯೋರು ಇರೋವರೆಗೆ ಗಾಯದ ಹಕ್ಕಿ ಇರುತ್ತೆ. ಅದು ಎರಡು ದಿನ ಬೇಲಿ ಸಂದೀಲಿ ನರಳಬಾರದು." ಅಷ್ಟು ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮಲ್ಲಿ 1972ರ ವನ್ಯಜೀವಿ ಕಾನೂನು ಬಂದು ಬೇಟೆಯೇ ನಿಂತ ಮೇಲೆ ಈ ಪ್ರಶ್ನೆಯೂ ನಿಂತಿತು. ಲ್ಯಾಬ್ರಡಾರ್ ಮೂಗು ಪೊಲೀಸರ ಬಾಂಬು ಹುಡುಕುವ ಕೆಲಸಕ್ಕೆ ಹೋಯಿತು. ಮುಧೋಳ ನಾಯಿ ಇಲ್ಲವೇ ಅಂತ ಅಕ್ಕ ಕೇಳಿದರು. ಅದು ಕಣ್ಣಿನಿಂದ ಬೇಟೆಯಾಡುವ ಜಾತಿ. ಕಂಡದ್ದನ್ನು ಅಟ್ಟಿಸಿಕೊಂಡು ಹೋಗಿ ತಾನೇ ಹಿಡಿಯುತ್ತದೆ, ಕೋವಿಯ ಹಂಗಿಲ್ಲ. 2005ರಲ್ಲಿ ಅದರ ಚಿತ್ರದ ಅಂಚೆ ಚೀಟಿಯೇ ಬಂತು. ಅದಕ್ಕೆ ಸುಮ್ಮನೆ ಕೂರು ಅಂತ ಹೇಳಿ ನೋಡಬೇಕು.

ಬೇಟೆ ಮುಗಿಸಿ ಮನೆಗೆ ಬಂದರೆ ಮನುಷ್ಯರಿಗೆ ಟೀ ಆಮೇಲೆ. ಮೊದಲು ನಾಯಿ. ಟರ್ಕಿ ಟವೆಲಿನ ಬಟ್ಟೆಯಿಂದ ಹೊಲಿದ ಅಂಗಿ ಇರುತ್ತದೆ, ಅದನ್ನು ತೊಡಿಸಿ ಮೈ ಆರಿಸುತ್ತಾರೆ. ಪಾದದ ಸಂದು ಸಂದು ಬಿಡಿಸಿ ಮುಳ್ಳು ನೋಡುತ್ತಾರೆ, ಹೊಟ್ಟೆಗೆ ಮುಳ್ಳುತಂತಿ ಗೀರಿದೆಯೇ ಅಂತ ಕೈಯಾಡಿಸುತ್ತಾರೆ. ಫ್ಲಿಂಟ್‌ನ ಕಿವಿಯಿಂದ ಅಂಟುಪುರುಲೆ ಕೀಳುವುದಕ್ಕೇ ಯಜಮಾನರ ಹೆಂಡತಿಗೆ ಒಂದು ಇಡೀ ರೇಡಿಯೋ ನಾಟಕ ಹಿಡಿಯುತ್ತಿತ್ತು. ಒಂದು ಸಲ ಹಿಮದಂಥ ಕೊಳದಲ್ಲಿ ಈಜಿ ಬಂದ ಟೆಸ್‌ನ ಬಾಲ ಮಾರನೆಯ ದಿನ ಏಳಲೇ ಇಲ್ಲ, ಬುಡದಿಂದ ಜೋತುಬಿದ್ದಿತ್ತು. ನಾನು ಮುರಿದಿದೆ ಅಂದುಕೊಂಡು ಗಾಬರಿಯಾದೆ. ತಣ್ಣೀರಿನಲ್ಲಿ ದಣಿದ ಲ್ಯಾಬ್ರಡಾರ್‌ಗಳಿಗೆ ಬರುವ ಸ್ನಾಯುನೋವು ಅದು. ಕೆಲವು ದಿನ ವಿಶ್ರಾಂತಿ ಕೊಟ್ಟ ಮೇಲೆ ತಾನಾಗೇ ಎದ್ದು ಅಲ್ಲಾಡಿತು.

ಜನವರಿಯ ಕೊನೆಗೆ ಒಂದು ಸಂಜೆ ನಮ್ಮ ಬಾಗಿಲ ಹಿಡಿಗೆ ಒಂದು ಜೋಡಿ ಫೆಸೆಂಟ್ ನೇತಾಡುತ್ತಿತ್ತು, ಕೊರಳಿಗೆ ಕೊರಳು ದಾರದಲ್ಲಿ ಕಟ್ಟಿ. ಯಜಮಾನರ ಕಾಣಿಕೆ. ಹಿಂದಿರುಗಿಸಿದರೆ ಅವಮಾನ, ಒಳಗೆ ತಂದರೆ ನನ್ನ ದೇವರ ಗೂಡು ಅಲ್ಲೇ. ಮಗಳು ನಗುತ್ತ ಆಸ್ಪತ್ರೆಯ ಜೊತೆಗಾತಿಯೊಬ್ಬಳಿಗೆ ಫೋನು ಮಾಡಿದಳು, ಕೊಡಗಿನ ಹುಡುಗಿ. ಅವಳು ಕಾರಿನಲ್ಲಿ ಬಂದು, ಹಕ್ಕಿಯ ಎದೆಯನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿ, "ಒಳ್ಳೇ ನಾಯಿ ತಂದಿದೆ ಆಂಟಿ" ಅಂದಳು. ಬೇಲಿ ಹತ್ತಿರ ಯಜಮಾನರಿಗೂ ಅವಳಿಗೂ ಕೋವಿಯ ಮಾತು ಶುರುವಾಯಿತು. ಕೊಡವರಿಗೆ ಕೋವಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ, ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ತೋಕ್ ಪೂ ಅನ್ನೋ ಹೂ ಮುಡಿಸಿ ಪೂಜೆ ಮಾಡ್ತೀವಿ ಅಂದಾಗ ಅವರ ಕೈಯಲ್ಲಿದ್ದ ಟೀ ತಣ್ಣಗಾಗಿ ಹೋಯಿತು. ಹಕ್ಕಿಯನ್ನು ಅವಳು ಕರಿಮೆಣಸು, ಕಾಚಂಪುಳಿ ಹಾಕಿ ಬಾಡಿಸಿ, ಒಂದು ಡಬ್ಬಿ ಅವರಿಗೂ ಕಳಿಸಿದಳು. ಛರೆ ಸಿಕ್ಕೀತು, ಹಲ್ಲು ಜೋಪಾನ ಅಂತ ಚೀಟಿ ಬೇರೆ.

ಅವತ್ತಿನಿಂದ ನಾನು ಹೊರಡುವವರೆಗೂ ಯಜಮಾನರಿಗೆ ನಾಯಿ ಮಾತು ಎರಡನೆಯದಾಯಿತು. ಆ ಕಪ್ಪು ಹುಳಿ ಏನು? ಯಾವ ಹಣ್ಣಿನದು? ಎಷ್ಟು ದಿನ ಇಟ್ಟರೆ ಕೆಡುವುದಿಲ್ಲ? ಮುಂದಿನ ಅಕ್ಟೋಬರಿನಲ್ಲಿ ಬರುವಾಗ ಒಂದು ಬಾಟಲಿ ತರಲೇಬೇಕು, ಮಿಲ್ಲಿಯ ಮೊದಲ ಸೀಸನ್ನಿನ ಮೊದಲ ಹಕ್ಕಿಗೆ ಅಂತ ಮಾತು ತೆಗೆದುಕೊಂಡರು.

"ನಮ್ಮ ಕಡೆ ಉಪ್ಪಾಗೆ ಅಂತೀವಲ್ಲ, ಅದೇ ಹಣ್ಣು" ಅಂದರು ಅಕ್ಕ. "ನಾವು ಸಿಪ್ಪೆ ಒಣಗಿಸ್ತೀವಿ, ಕೊಡಗಿನವರು ರಸ ಕಾಯಿಸಿ ಕಾಯಿಸಿ ಕರ್ರಗೆ ಮಾಡ್ತಾರೆ."

"ಅಕ್ಕಾ, ನಿಮ್ಮ ತಮ್ಮ ಇನ್ನೂ ಮಡಿಕೇರಿಯಲ್ಲೇ ಇದ್ದಾರಲ್ಲ?"

ಅಕ್ಕ ಗೋಡೆಯಿಂದ ಮೊಣಕೈ ತೆಗೆದು ನನ್ನನ್ನೇ ನೋಡಿದರು. "ಅದಕ್ಕಾ ಇಷ್ಟು ಹೊತ್ತು ನಾಯಿ ಕಥೆ ಹೇಳಿದ್ದು? ಮೊದಲೇ ಕೇಳೋದಲ್ವಾ ಮಾರಾಯ್ತಿ, ನನ್ನ ಬೇಳೆ ಒಲೆ ಮೇಲಿದೆ. ಹೇಳ್ತೀನಿ ಅವನಿಗೆ. ಗಾಜಿನ ಬಾಟ್ಲಿ ಬೇಡ, ಪ್ಲಾಸ್ಟಿಕ್ ಡಬ್ಬಿಗೆ ಹಾಕಿಸಿ ಎರಡು ಕವರ್ ಸುತ್ತಿಸ್ತೀನಿ. ಅದೇನಾದ್ರೂ ಬ್ಯಾಗಲ್ಲಿ ಸೋರಿ ಸೀರೆಗೆ ತಾಗ್ತೋ, ಆ ಕಲೆ ಹೋಗಲ್ಲ ನೋಡು."